ಅರವತ್ತೊಂದು ಹಗೇವು

ಗೊರವಿನಾಳದ ಜನ ಎಮ್ಮೆ ಕಟ್ಟುವ ಮುಂಚೆಯೂ ನಕಾಶೆ ನೋಡುವ ಕಾಲ ಬಂದು ಎರಡು ವರ್ಷವಾಗಿತ್ತು. ಮದುವೆಗೆ ಹಂದರ ಹಾಕಬೇಕೆಂದರೆ ನಕಾಶೆ, ಟ್ರ್ಯಾಕ್ಟರ್ ನಿಲ್ಲಿಸಬೇಕೆಂದರೆ ನಕಾಶೆ. ಕಳೆದ ವರ್ಷ ಹೆಣ್ಣು ನೋಡಲು ಬಂದ ಬೀಗರೊಬ್ಬರು ಉಪ್ಪಿಟ್ಟು ತಿನ್ನುತ್ತಲೇ ಫೋನು ತೆಗೆದು, ತಾವು ಕುಳಿತ ಪಡಸಾಲೆಯ ಕೆಳಗೆ ನೆಲ ಗಟ್ಟಿಯಿದೆಯೋ ಇಲ್ಲವೋ ಎಂದು ನೋಡಿಕೊಂಡಿದ್ದರು. ಆ ಮದುವೆ ಆಯಿತು, ಅದು ಬೇರೆ ಮಾತು.

ಇದು ಮೇಲಿನ ನಕಾಶೆಯಲ್ಲ, ನೆಲದೊಳಗಿನದು. ಆಕಾಶದಿಂದ ಹಗಲೂ ರಾತ್ರಿ ಒಂದು ಬಗೆಯ ಸೂಕ್ಷ್ಮ ಕಣಗಳು ಸುರಿಯುತ್ತಿರುತ್ತವೆ. ಅವುಗಳ ಹೆಸರು ಮ್ಯುವಾನ್. ಅಂಗೈ ಚಾಚಿ ನಿಂತರೆ ಸೆಕೆಂಡಿಗೆ ಒಂದೋ ಎರಡೋ ಅಂಗೈಯನ್ನು ತೂರಿ ಹೋಗುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ. ಮಣ್ಣು, ಕಲ್ಲು ಅಡ್ಡ ಬಂದರೆ ಕೆಲವು ಅಲ್ಲೇ ಸೋತು ನಿಲ್ಲುತ್ತವೆ. ಪೊಳ್ಳಿದ್ದಲ್ಲಿ ಹೆಚ್ಚು ಕಣಗಳು ದಾಟಿ ಬರುತ್ತವೆ. ನೆಲದ ಆಳದಲ್ಲಿ ಕುಳಿತು ಎಣಿಸಿದರೆ, ಯಾವ ದಿಕ್ಕಿನಿಂದ ಹೆಚ್ಚು ಬಂದವೋ ಆ ದಿಕ್ಕಿನಲ್ಲಿ ಪೊಳ್ಳಿದೆ ಎಂದು ತಿಳಿಯುತ್ತದೆ. ಹೀಗೆ ಎಣಿಸುವ ಒಂದಾಳುದ್ದದ ಕೊಳವೆಗೆ ಉದ್ದನೆಯ ಇಂಗ್ಲಿಷ್ ಹೆಸರೊಂದಿತ್ತು. ಗೊರವಿನಾಳದವರು ಅದನ್ನು ಬಡಿಗಿ, ಅಂದರೆ ಕೋಲು, ಎಂದು ಕರೆದು ಮುಗಿಸಿದ್ದರು. ನೀರು ಬಾರದ ಏಳು ಕೊಳವೆಬಾವಿಗಳಲ್ಲಿ ಏಳು ಬಡಿಗಿ ಇಳಿದವು. ದುಡ್ಡು ನುಂಗಿ ಸುಮ್ಮನಿದ್ದ ಆ ಬಾವಿಗಳಿಗೆ ಅಂತೂ ಒಂದು ಕೆಲಸ ಸಿಕ್ಕಿತೆಂದು ಊರವರು ನಕ್ಕರು.

ನೆಲದೊಳಗೆ ನೋಡುವಂಥದ್ದೇನಿತ್ತು ಎಂದರೆ, ಹಗೇವುಗಳು. ಆ ಸೀಮೆಯಲ್ಲಿ ಹಿಂದಿನವರು ಜೋಳವನ್ನು ನೆಲದಡಿಯ ಹಗೇವಿನಲ್ಲಿ ಇಡುತ್ತಿದ್ದರು. ದೊಡ್ಡ ಹರವಿಯ ಆಕಾರದ ಕುಣಿ. ಎರಡಾಳು ಆಳ, ಮೇಲೆ ಒಬ್ಬರು ಇಳಿಯುವಷ್ಟೇ ಬಾಯಿ. ಅದರ ಮೇಲೊಂದು ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು. ಈಗ ಯಾರೂ ಅದರಲ್ಲಿ ಕಾಳು ಇಡುವುದಿಲ್ಲ, ಆದರೆ ಕುಣಿಗಳೆಲ್ಲ ಹಾಗೇ ಇವೆ. ಮೂರು ವರ್ಷದ ಹಿಂದೆ ಪಕ್ಕದ ಊರಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಮರೆತುಹೋದ ಹಗೇವಿನೊಳಗೆ ಮೂತಿ ಊರಿದ ಮೇಲೆಯೇ ಬಡಿಗಿಗಳು ಬಂದದ್ದು.

ಈ ನಕಾಶೆ ನೋಡಿಕೊಳ್ಳುವವಳು ಇಂದುಮತಿ ಜಾಲಿಹಾಳ. ಪಂಚಾಯತಿಯ ಹಳೆಯ ಗೊಬ್ಬರದ ಗೋದಾಮೇ ಅವಳ ನಕಾಶೆ ಕೋಣೆ. ಎರಡು ಪರದೆ, ಒಂದು ಫ್ಯಾನು, ಎಷ್ಟು ತೊಳೆದರೂ ಹೋಗದ ಯೂರಿಯಾ ವಾಸನೆ. ಮೂವತ್ತೆಂಟು ವರ್ಷದ ಇಂದುಮತಿ ಆ ಊರಿಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಗಿತ್ತು. ಕೆಲಸದಲ್ಲಿ ಅವಳು ಗಟ್ಟಿಗಿತ್ತಿ. ತನ್ನ ನಕಾಶೆಯಲ್ಲಿ ಒಂದು ಚುಕ್ಕೆಯೂ ತಪ್ಪಿಲ್ಲವೆಂಬ ಹೆಮ್ಮೆ ಅವಳಿಗಿತ್ತು, ಆ ಬುಧವಾರ ಬೆಳಿಗ್ಗೆ ಹತ್ತೂವರೆಯವರೆಗೆ.

ಶುಕ್ರವಾರ ಹನ್ನೊಂದಕ್ಕೆ ಊರಿಗೆ ಒಂದು ಟ್ರೇಲರ್ ಬರುವುದಿತ್ತು. ಗುಡ್ಡದ ಮೇಲೆ ಊರಿನದೇ ಗಾಳಿಯಂತ್ರ ನಿಲ್ಲಬೇಕು. ಅದರ ಕಂಬದ ಬುಡದ ತುಂಡು ಟ್ರೇಲರ್ ಸಮೇತ ತೊಂಬತ್ತು ಟನ್ನು. ಭಾನುವಾರದಿಂದ ಮಳೆ ಎಂದು ಹವಾಮಾನದವರು ಹೇಳಿದ್ದರು. ಎರೆಮಣ್ಣು ಒಮ್ಮೆ ನೆನೆಯಿತೆಂದರೆ ಗುಡ್ಡದ ಬುಡದಲ್ಲಿ ಕ್ರೇನ್ ನಿಲ್ಲುವುದಿಲ್ಲ, ಒಂದು ವರ್ಷ ಕಾಯಬೇಕು. ಗುಡ್ಡಕ್ಕೆ ಹೋಗಲು ಊರೊಳಗೆ ಎರಡೇ ದಾರಿ. ಒಂದು ದೊಡ್ಡ ಓಣಿ, ಇನ್ನೊಂದು ಅದರ ದಕ್ಷಿಣಕ್ಕೆ ಅಕ್ಕಪಕ್ಕದಲ್ಲೇ ಹಾಯುವ ಬಣಗಾರ ಓಣಿ. ಹಳೆಯ ಮನೆಗಳೆಲ್ಲ ಬಣಗಾರ ಓಣಿಯಲ್ಲಿ. ಇಂದುಮತಿಯ ಮನೆಯೂ ಅಲ್ಲೇ. ನಕಾಶೆಯ ಪ್ರಕಾರ ದೊಡ್ಡ ಓಣಿ ಜರಡಿಯಾಗಿತ್ತು, ಬಣಗಾರ ಓಣಿ ಕಲ್ಲಿನಷ್ಟು ಗಟ್ಟಿ. ಹಾಗಾಗಿ ಜಿಲ್ಲೆಯ ನಿಯಂತ್ರಣ ಕೇಂದ್ರ ಟ್ರೇಲರನ್ನು ಬಣಗಾರ ಓಣಿಗೆ ಹಾಕಿತ್ತು. ದಾರಿಯ ದಾಖಲೆಯನ್ನು ಜೋಡಿಸಿ ಕಳಿಸುವುದಷ್ಟೇ ಇಂದುಮತಿಯ ಕೆಲಸ.

ಈ ನಕಾಶೆಯಲ್ಲಿ ಒಂದು ಊನವಿತ್ತು, ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಬತ್ತಿದ ಬಾವಿಗಳೆಲ್ಲ ಊರ ದಕ್ಷಿಣಕ್ಕೆ ಒಂದೇ ಮೂಲೆಯಲ್ಲಿ ಒತ್ತಾಗಿದ್ದವು. ಅಲ್ಲಿಂದ ಓರೆಯಾಗಿ ನೋಡುವ ಬಡಿಗಿಗಳಿಗೆ ಪೊಳ್ಳು ಎಡಕ್ಕಿದೆಯೋ ಬಲಕ್ಕಿದೆಯೋ ಚೆನ್ನಾಗಿ ತಿಳಿಯುತ್ತಿತ್ತು. ಹತ್ತಿರವಿದೆಯೋ ದೂರವಿದೆಯೋ ತಿಳಿಯುತ್ತಿರಲಿಲ್ಲ. ಅವು ಕೊಡುತ್ತಿದ್ದುದು ಗೆರೆಗಳನ್ನು. ಗೆರೆಯ ಮೇಲೆ ಹಗೇವು ಎಲ್ಲಿದೆ ಎಂಬುದನ್ನು ಮನೆಯವರೇ ಹೇಳಬೇಕಿತ್ತು. ಪ್ರತಿ ಮನೆಯವರೂ ಫೋನಿನಲ್ಲಿ ಜಾಗ ಒತ್ತಿ ಬಾಯಲ್ಲಿ ಒಂದು ಮಾತು ಹೇಳಿದರು, ಯಂತ್ರ ಅದನ್ನು ಬರೆದುಕೊಂಡಿತು. ಅರವತ್ತೊಂದು ಮನೆ, ಅರವತ್ತೊಂದು ಹೇಳಿಕೆ. ಇಷ್ಟೊಂದು ಜನ ಒಂದೇ ಕಡೆ ಬೆರಳು ತೋರಿಸಿದ್ದರಿಂದ ಯಂತ್ರ ನೂರಕ್ಕೆ ತೊಂಬತ್ತಾರರಷ್ಟು ಖಾತ್ರಿ ಕೊಟ್ಟಿತ್ತು.

ದಾಖಲೆ ಜೋಡಿಸುವಾಗ ಇಂದುಮತಿ ಮೊದಲ ಬಾರಿಗೆ ಮನೆಯವರ ಮಾತುಗಳಿದ್ದ ಷರಾ ಕಾಲಮನ್ನು ತೆರೆದಳು. ಷರಾ ಓದುವವರು ಸರಕಾರದಲ್ಲೇ ಇಲ್ಲ, ಗೊರವಿನಾಳದಲ್ಲಿ ಎಲ್ಲಿಂದ ಬರಬೇಕು? ಒಂದನೇ ಮನೆ: 'ದೊಡ್ಡ ಓಣ್ಯಾಗ ಐತಿ, ಬಿದ್ದು ಹೋಗೈತಿ.' ಎರಡನೇ ಮನೆ: 'ದೊಡ್ಡ ಓಣ್ಯಾಗ ಐತಿ, ಬಿದ್ದು ಹೋಗೈತಿ.' ಮೂರು, ನಾಲ್ಕು, ಐದು. ಅವಳು ಬೆರಳಿನಿಂದ ಪರದೆಯನ್ನು ಸರಿಸುತ್ತ ಹೋದಳು. ಮೂವತ್ನಾಲ್ಕನೇ ಮನೆ, ಜಾಲಿಹಾಳ; ಹೇಳಿಕೆ ಕೊಟ್ಟವರು, ಇಂದುಮತಿ: 'ದೊಡ್ಡ ಓಣ್ಯಾಗ ಐತಿ, ಬಿದ್ದು ಹೋಗೈತಿ.'

ಬಿದ್ದು ಮಣ್ಣು ತುಂಬಿದ ಹಗೇವಿನಿಂದ ಹೆಚ್ಚು ಕಣ ದಾಟಿ ಬರುವುದಾದರೂ ಹೇಗೆ? ಬಡಿಗಿಗಳು ಎಣಿಸಿದ್ದು ಖಾಲಿ ಕುಣಿಗಳನ್ನು. ಮೇಲಾಗಿ, ಈ ಮಾತು ಅವಳಿಗೆ ಗೊತ್ತಿತ್ತು. ಮದುವೆಯಾದ ಮೂರನೇ ದಿನ ಅತ್ತೆ ಚನ್ನಬಸವ್ವ ಅವಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು, ಯಾರಾದರೂ ಹಗೇವು ಎಲ್ಲಿ ಎಂದು ಕೇಳಿದರೆ ಹೀಗೆ ಹೇಳಬೇಕು ಎಂದು ಬಾಯಿಪಾಠ ಮಾಡಿಸಿದ್ದಳು. ಎಂಬತ್ತು ವರ್ಷದ ಹಿಂದೆ ಸರಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಲೆವಿ ಕಾಳಿನ ವಸೂಲಿಗೆ ಬರುತ್ತಿದ್ದವರಿಗೆ ಕೊಡುತ್ತಿದ್ದ ಉತ್ತರವದು. ಪ್ರತಿ ಮನೆಯಲ್ಲೂ ಅತ್ತೆ ಸೊಸೆಗೆ ಅದನ್ನು ಕಲಿಸಿದ್ದಳು. ಕಾಳು ಹೋಯಿತು, ಲೆವಿ ಹೋಯಿತು, ಉತ್ತರ ಮಾತ್ರ ಉಳಿಯಿತು. ಎರಡು ವರ್ಷದ ಹಿಂದೆ ಫೋನು ಅದೇ ಪ್ರಶ್ನೆ ಕೇಳಿದಾಗ ಅರವತ್ತೊಂದು ಹೆಂಗಸರು, ಊಟವಾಯಿತೇ ಎಂದರೆ ಆಯಿತು ಎನ್ನುವ ಹಾಗೆ, ಯೋಚಿಸದೆ ಅದನ್ನೇ ಹೇಳಿದ್ದರು. ಎಂ.ಎಸ್ಸಿ. ಭೂಗೋಳ ಓದಿದ ಇಂದುಮತಿಯೂ ಹೇಳಿದ್ದಳು. ದಕ್ಷಿಣದಿಂದ ಬರುವ ಗೆರೆಗಳು ಮೊದಲು ಬಣಗಾರ ಓಣಿಯನ್ನು, ಆಮೇಲೆ ದೊಡ್ಡ ಓಣಿಯನ್ನೂ ಹಾಯ್ದು ಹೋಗುತ್ತಿದ್ದವು, ಸುಳ್ಳು ಗೆರೆಗೆ ಸರಿಯಾಗಿ ಕೂತುಬಿಟ್ಟಿತ್ತು.

ಹಾಗಾದರೆ ಪೊಳ್ಳುಗಳೆಲ್ಲ ಇರುವುದು ಬಣಗಾರ ಓಣಿಯ ಕೆಳಗೆ. ಶುಕ್ರವಾರ ತೊಂಬತ್ತು ಟನ್ನು ಹೋಗುವುದೂ ಅದರ ಮೇಲೆಯೇ.

ಅವಳು ಜಿಲ್ಲಾ ಕೇಂದ್ರದ ಎಂಜಿನಿಯರ್ ಸುಧೀಂದ್ರರನ್ನು ಪರದೆಯ ಮೇಲೆ ಕರೆದಳು. ಸುಧೀಂದ್ರ ಒಳ್ಳೆಯ ಮನುಷ್ಯ, ಆದರೆ ಯಂತ್ರ ಹೇಳಿದ ಶೇಕಡಾವಾರನ್ನು ನಂಬುವಷ್ಟು ಸ್ವಂತ ಕಣ್ಣನ್ನೂ ನಂಬುವವರಲ್ಲ.

"ಇಂದುಮತಿ ಅವರೇ, ಅರವತ್ತೊಂದು ಸಾಕ್ಷಿಗಳಿವೆ," ಎಂದರು.

"ಅವು ಅರವತ್ತೊಂದು ಸಾಕ್ಷಿ ಅಲ್ರಿ ಸರ್. ಒಂದ ಮಾತು, ಅರವತ್ತೊಂದು ಬಾಯಿ. ಅದರಾಗ ನಂದೂ ಒಂದು."

ಸುಧೀಂದ್ರ ಗೆರೆಗಳನ್ನು ಇನ್ನೊಮ್ಮೆ ನೋಡಿದರು. "ಉತ್ತರದ ಕಡೆಯಿಂದ ಒಂದು ಬಡಿಗಿ ಇಳಿಸಿದರೆ ಗೊತ್ತಾಗುತ್ತೆ. ಆದರೆ ಹನ್ನೆರಡು ದಿನ ಎಣಿಸಬೇಕು. ಕಣಗಳು ನಮ್ಮ ಅವಸರಕ್ಕೆ ಬರೋದಿಲ್ಲ."

"ಮತ್ತ ಟ್ರೇಲರ್ ತಡೀರಿ."

"ನಿಮ್ಮ ಅನುಮಾನದ ಮೇಲೆ ತಡೆಯೋಕೆ ನನಗೆ ಅಧಿಕಾರ ಇಲ್ಲ. ಹೇಳಿಕೆ ಕೊಟ್ಟವರೇ ಅದನ್ನ ವಾಪಸ್ ತಗೊಂಡು ನಿಜವಾದ ಜಾಗ ಹೇಳಬೇಕು. ಹೇಳಿದ ಜಾಗ ಗೆರೆಯ ಮೇಲೆ ಬಿದ್ದರೆ ಯಂತ್ರ ಒಪ್ಪುತ್ತೆ. ಅರ್ಧಕ್ಕಿಂತ ಹೆಚ್ಚು ಮನೆ ಬೇಕು. ನಾಳೆ ಸಂಜೆ ಐದಕ್ಕೆ ದಾರಿ ಮುದ್ರೆಯಾಗುತ್ತೆ, ಆಮೇಲೆ ನನ್ನ ಕೈಯಲ್ಲೂ ಇಲ್ಲ."

ಇಂದುಮತಿ ಕೋಣೆಗೆ ಬೀಗ ಹಾಕಿ ಮನೆಗೆ ನಡೆದಳು.

ಚನ್ನಬಸವ್ವ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಎಂಬತ್ತರ ಹತ್ತಿರದ ಮುದುಕಿ. ಕಣ್ಣು ಮಂದವಾಗಿದ್ದರೂ ಬೇಳೆಯಲ್ಲಿ ಒಂದು ಹರಳು ತಪ್ಪಿಸಿಕೊಂಡು ಹೋಗುವಂತಿರಲಿಲ್ಲ. ಸೊಂಟದಲ್ಲಿ ಕೀಲಿಗೊಂಚಲು.

"ಯಾಕಬೇ, ಇಷ್ಟ ಲಗೂ ಬಂದಿ?"

"ಅತ್ತಿ, ನಮ್ಮ ಹಗೇವು ಎಲ್ಲೈತ್ರಿ?"

ಮೊರ ಆಡಿಸುತ್ತಿದ್ದ ಕೈ ನಿಲ್ಲಲಿಲ್ಲ. "ದೊಡ್ಡ ಓಣ್ಯಾಗ ಐತಿ, ಬಿದ್ದು ಹೋಗೈತಿ."

"ಅದು ನೀವ ನನಗ ಕಲಿಸಿದ ಮಾತು. ಖರೇನ ಎಲ್ಲೈತ್ರಿ?"

ಈಗ ಕೈ ನಿಂತಿತು. ಚನ್ನಬಸವ್ವ ಸೊಸೆಯ ಮುಖವನ್ನು ದಿಟ್ಟಿಸಿದಳು. "ಏನು, ನಾ ಸಾಯೂ ಹಾದಿ ನೋಡಾಕತ್ತೀಯೇನು?"

ಆ ಮಾತಿಗೆ ಕಾರಣವಿತ್ತು. ಸುಳ್ಳನ್ನು ಮೂರನೇ ದಿನ ಕಲಿಸುತ್ತಿದ್ದರು, ನಿಜವನ್ನು ಕೊನೆಯ ದಿನ. ಅತ್ತೆ ಹಾಸಿಗೆ ಹಿಡಿದು, ಇನ್ನು ಏಳುವುದಿಲ್ಲ ಎನ್ನುವಾಗ ಸೊಸೆಯನ್ನು ಹತ್ತಿರ ಕರೆದು ಕೀಲಿಗೊಂಚಲು ಕೊಟ್ಟು ಕಿವಿಯಲ್ಲಿ ಜಾಗ ಹೇಳುತ್ತಿದ್ದಳು. ಗಂಡಸರಿಗೆ ಹೇಳುವ ರೂಢಿಯೇ ಇರಲಿಲ್ಲ. ಗಂಡಸರನ್ನು ಚಾವಡಿಗೆ ಎಳೆದೊಯ್ದು ಹೊಡೆದು ಬಾಯಿ ಬಿಡಿಸಬಹುದಿತ್ತಲ್ಲ. ಜಾಗ ಹೇಳುವುದೆಂದರೆ ಮನೆ ಒಪ್ಪಿಸುವುದು, ತನ್ನ ಕಾಲ ಮುಗಿಯಿತು ಎಂದು ಒಪ್ಪಿಕೊಳ್ಳುವುದು. ಇಂದುಮತಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಕೇಳಬೇಕಾಗಿ ಬಂದದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು, ಬಡಿಗಿ, ಗೆರೆ, ಟ್ರೇಲರ್. ಮುದುಕಿ ಹೇಳಿದ್ದನ್ನೆಲ್ಲ ಕೇಳಿ, ಬೇಳೆಯ ಮೊರವನ್ನು ಬದಿಗಿಟ್ಟು, "ಅವೆಲ್ಲಾ ನಿನ್ನ ಯಂತ್ರದ ಮಾತು. ನನ್ನ ಕಡೆ ಬರಬ್ಯಾಡ," ಎಂದು ಎದ್ದು ಹೊರಗೆ ಹೋಗಿ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಳು. ದಿನಾ ಸಂಜೆ ಅವಳು ಕೂರುವ ಜಾಗವದು.

ಇಂದುಮತಿ ಬಿಡಲಿಲ್ಲ. ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು. "ಅತ್ತಿ, ನಾಡಿದ್ದು ಹನ್ನೊಂದಕ್ಕ ಆ ಟ್ರೇಲರ್ ಈ ಕಟ್ಟಿ ಮಗ್ಗಲ ಹಾದು ಹೋಕ್ಕೈತ್ರಿ. ಗಾಲಿ ಇಲ್ಲಿ, ನೀವು ಕುಂತಲ್ಲಿಂದ ಎರಡು ಮೊಳ."

ಚನ್ನಬಸವ್ವ ಕಟ್ಟೆಯ ಮೇಲಿಂದ ತಟ್ಟನೆ ಎದ್ದಳು.

ಎದ್ದ ಮೇಲೆ ತಾನು ಎದ್ದದ್ದು ಅವಳಿಗೇ ಗೊತ್ತಾಯಿತು. ಸೊಸೆ ಕಟ್ಟೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು.

"ಭಾಳ ಶ್ಯಾಣೇಕಿ ಅದೀ ಬಿಡು," ಎಂದಳು ಮುದುಕಿ ಕೊನೆಗೆ. "ಹೂಂ, ಇಲ್ಲೇ ಐತಿ. ಕಟ್ಟಿ ಬುಡಕ ಬಾಯಿ, ಹೊಟ್ಟಿ ಓಣಿ ನಡಕತನಾ. ಆದ್ರ ಒಂದ ಮಾತು ಕೇಳು. ಜಾಗ ಹೇಳೇನಿ ಅಂತ ಕೀಲಿ ಕೊಡಾಂಗಿಲ್ಲ. ಕೀಲಿ ನನ್ನ ಟೊಂಕದಾಗ ಇರತಾವು."

"ಇರಲ್ರಿ ಅತ್ತಿ. ನನಗ ಕೀಲಿ ಯಾಕ್ರಿ?"

"ಯಾಕ ಅಂದ್ರ? ಸೊಸಿಯಾದಾಕಿ ಕೀಲಿ ಬ್ಯಾಡ ಅಂತಾರೇನು, ಮಳ್ಳಿ?" ಎಂದು ಚನ್ನಬಸವ್ವ ಅದಕ್ಕೂ ಬೈದಳು.

ಮರುದಿನ ಬೆಳಿಗ್ಗೆ ಏಳು ಗಂಟೆಗೇ ಚನ್ನಬಸವ್ವ ಇಳಕಲ್ ಸೀರೆ ಉಟ್ಟು ಓಣಿಗೆ ಇಳಿದಳು. ಸೊಸೆಯ ಫೋನೂ ಬೇಕಾಗಲಿಲ್ಲ, ಯಂತ್ರದ ವಿವರಣೆಯೂ ಬೇಕಾಗಲಿಲ್ಲ. ಮನೆಮನೆಯ ಹೊಸ್ತಿಲಲ್ಲಿ ನಿಂತು ಸೊಂಟದ ಕೀಲಿಗೊಂಚಲನ್ನು ಝಣಝಣ ಆಡಿಸಿದಳು. "ನೋಡ್ರಬೇ, ನಾ ನಮ್ಮ ಹಗೇವು ಎಲ್ಲೈತಿ ಅಂತ ಸೊಸಿಗೆ ಹೇಳೇನಿ. ಹೇಳಿ ಒಂದ ರಾತ್ರಿ ಆತು. ಸತ್ತಿಲ್ಲ. ಮುಂಜಾನೆ ಎರಡು ರೊಟ್ಟಿ ತಿಂದೇನಿ. ಕೀಲಿನೂ ನನ್ನ ಕಡೇನ ಅದಾವು. ನೀವೂ ಬಂದು ಹೇಳ್ರಿ, ಇಲ್ಲಂದ್ರ ನಾಳೆ ಮನಿ ಸಮೇತ ಹಗೇವಿನ್ಯಾಗ ಹೊಕ್ಕೀರಿ."

ಹತ್ತು ಗಂಟೆಗೆ ನಕಾಶೆ ಕೋಣೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತು. ಆ ಗೋದಾಮಿಗೆ ಯೂರಿಯಾ ಬಂದಾಗಲೂ ಅಷ್ಟು ಸಾಲು ಇರಲಿಲ್ಲ. ಮುದುಕಿಯರು ಒಬ್ಬೊಬ್ಬರೇ ಒಳಗೆ ಬಂದು, ಸೊಸೆಯರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಸಿ, ಇಂದುಮತಿಯ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು. ಅವಳು ಪರದೆಯ ಮೇಲೆ ಒತ್ತಿದ ಕೂಡಲೇ ಆ ಜಾಗ ಇಡೀ ಜಿಲ್ಲೆಗೆ ಕಾಣುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಹೇಳುವುದನ್ನು ಪಿಸುದನಿಯಲ್ಲೇ ಹೇಳಬೇಕು. ಒಬ್ಬಾಕೆ ಒಲೆಯಿಂದ ಏಳು ಹೆಜ್ಜೆ ಎಂದಳು. ಯಾರ ಹೆಜ್ಜೆ ಎಂದು ಕೇಳಿದರೆ, ತನ್ನ ಅತ್ತೆಯ ಅತ್ತೆಯದು ಎಂದಳು, ಆಕೆ ಬಹಳ ಕುಳ್ಳಿ ಇದ್ದಳಂತೆ. ಇಂದುಮತಿ ಕುಳ್ಳಿಯ ಹೆಜ್ಜೆ ಹಾಕಿ ನೋಡಿದಳು. ಚುಕ್ಕೆ ಕರಾರುವಾಕ್ಕಾಗಿ ಗೆರೆಯ ಮೇಲೆ ಬಿತ್ತು. ಪ್ರತಿ ಸಲ ಚುಕ್ಕೆ ಗೆರೆಯ ಮೇಲೆ ಬಿದ್ದಾಗಲೂ ಅವಳಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಇಬ್ಬರು ಮುದುಕಿಯರು ಹೇಳದೆಯೇ ತೀರಿಕೊಂಡಿದ್ದರು. ಅಕ್ಕಪಕ್ಕದವರ ಚುಕ್ಕೆಗಳು ಕೂತ ಮೇಲೆ ಆ ಎರಡೂ ತಾವಾಗಿಯೇ ಸಿಕ್ಕವು.

ಮಧ್ಯಾಹ್ನ ಮೂರೂವರೆಗೆ ಅರವತ್ತು ಹಗೇವು ದೊಡ್ಡ ಓಣಿಯಿಂದ ಬಣಗಾರ ಓಣಿಗೆ ಬಂದಿದ್ದವು. ಯಂತ್ರ ತನ್ನ ಮನಸ್ಸು ಬದಲಿಸಿತು. ಪರದೆಯ ಮೇಲೆ ದೊಡ್ಡ ಓಣಿ ಹಸಿರಾಯಿತು. ಇನ್ನೊಂದು ಪರದೆಯಲ್ಲಿದ್ದ ಸುಧೀಂದ್ರ ಕೂಡ ನಕ್ಕರು.

ಕೊನೆಗೆ ಬಂದವಳು ದಾವಲಬಿ. ದೊಡ್ಡ ಓಣಿಯ ಉತ್ತರದ ಅಂಚಿನಲ್ಲಿ ಅವಳದು ಒಂದೇ ಖೋಲಿಯ ಮನೆ. ಅಂಗಳವಿಲ್ಲ, ಬಾಗಿಲು ತೆರೆದರೆ ಓಣಿಯೇ. ಗಾದಿ ಹೊಲಿಯುವ ಕೆಲಸ ಅವಳದು. ಸೆರಗಿಗೆ ಇನ್ನೂ ಅರಳೆ ಅಂಟಿಕೊಂಡಿತ್ತು.

"ನಮ್ಮದೂ ಬರಕೋ ಯವ್ವಾ. ದೊಡ್ಡ ಓಣ್ಯಾಗ ಐತಿ."

ಬಾಗಿಲಲ್ಲಿ ನಿಂತಿದ್ದ ಹೆಂಗಸರು ನಕ್ಕರು. "ಇಕಿ ಇನ್ನೂ ಅದನ್ನ ಹಾಡಾಕತ್ತಾಳ!"

"ನಗಬ್ಯಾಡ್ರಿ," ಎಂದಳು ದಾವಲಬಿ. ಅವಳ ದನಿ ಏರಲಿಲ್ಲ. "ಉಳದವ್ರದು ನನಗ ಗೊತ್ತಿಲ್ಲ. ನಮ್ಮದು ಖರೇನ ಅಲ್ಲೇ ಐತ್ರಿ. ನಮ್ಮ ಬಾಗಲದಿಂದ ಎಂಟು ಮೊಳ."

ಇಂದುಮತಿ ಸುಧೀಂದ್ರರತ್ತ ನೋಡಿದಳು. ಅವರು ತಲೆ ಅಲ್ಲಾಡಿಸಿದರು. "ಬಡಿಗಿಗಳು ಕೊಟ್ಟಿರೋದು ಅರವತ್ತು ಗೆರೆ. ಅರವತ್ತು ಹಗೇವು ಸಿಕ್ಕವು. ಇವರು ಹೇಳೋ ಜಾಗ ನಿಮ್ಮ ಮನೆ ಗೆರೆ ಮೇಲೇ ಬರುತ್ತೆ, ಆ ಗೆರೆಗೆ ಆಗಲೇ ನಿಮ್ಮ ಕಟ್ಟೆ ಲೆಕ್ಕ ಆಗಿದೆ. ಅರವತ್ತು ಮಂದಿ ಸುಳ್ಳು ಅಂತ ಒಪ್ಪಿಕೊಂಡ ಮಾತನ್ನ ಒಬ್ಬರು ಹಿಡಿದುಕೊಂಡಿದ್ದಾರೆ. ಯಂತ್ರ ಅದನ್ನ ಬಿಟ್ಟುಬಿಡುತ್ತೆ. ಬಿಡಲಿ, ಸಮಯ ಇಲ್ಲ."

ಗಂಟೆ ನಾಲ್ಕೂಕಾಲು. ಹಸಿರಾದ ಓಣಿ ಕಣ್ಣ ಮುಂದಿತ್ತು. ಬಿಟ್ಟುಬಿಡೋಣವೆಂದು ಇಂದುಮತಿಗೂ ಅನಿಸಿತು, ಅದನ್ನು ಮುಚ್ಚಿಡುವುದೇಕೆ.

ಆಗ ಗೋಡೆಗೊರಗಿ ಕುಳಿತಿದ್ದ ಚನ್ನಬಸವ್ವ ಮಾತಾಡಿದಳು. "ಬಿಡಬ್ಯಾಡ. ಇಕಿ ಹೇಳೂದು ಖರೇ ಐತಿ."

ಎಲ್ಲರೂ ತಿರುಗಿದರು.

"ಮೊದಲನೇ ವರ್ಷ ಲೆವಿಯವರು ಕಬ್ಬಿಣದ ಸಲಾಕಿ ಹಿಡಕೊಂಡು ಬಂದಾಗ ನೆಲಾ ಚುಚ್ಚಿ ಚುಚ್ಚಿ ನೋಡತಿದ್ರಂತ. ನಮ್ಮ ಕಟ್ಟೀ ಹಂತ್ಯಾಕ ಬಂದ್ರು. ನಮ್ಮತ್ತಿ ನೀಲವ್ವ ಮಾಳಗಿ ಮ್ಯಾಲಿಂದ ಕೈ ಮಾಡಿದ್ಲು, ಅಲ್ಲಿ ದೊಡ್ಡ ಓಣ್ಯಾಗ ನೋಡ್ರಿ ಅಂತ. ಅಂಗಳಿಲ್ಲದವ್ರು ಓಣ್ಯಾಗ ತೋಡಿದ್ರು, ಇಕಿ ಅತ್ತಿ ಮನಿಯವ್ರು. ಊರ ಮಂದಿ ಗಾದಿ ಮಾಡಿಸಿಕೊಂಡು ಕೊಟ್ಟಿದ್ದ ವರ್ಷದ ಜೋಳ ಅದರಾಗಿತ್ತು. ಅಷ್ಟೂ ಒಯ್ದ್ರು. ಆ ವರ್ಷ ಅವರ ಮನ್ಯಾಗ ಒಲಿ ಹತ್ತಲಿಲ್ಲ. ಮುಂದಿನ ವರ್ಷ ಮತ್ತ ಬಂದಾಗ ಎಲ್ಲಾರೂ ಆ ಕುಣೀನ ತೋರಿಸಿ ನಮ್ಮದೂ ಅಲ್ಲೇ, ಬಿದ್ದು ಹೋಗೈತಿ ಅಂದ್ರು. ನಮ್ಮತ್ತಿ ಸಾಯೂ ಮುಂದ ಜಾಗದ ಜೋಡಿ ಇದನ್ನೂ ನನ್ನ ಕಿವ್ಯಾಗ ಹಾಕಿ ಹ್ವಾದ್ಲು. ಈ ಸುದ್ದಿ ಹೊರಗ ಬರಬಾರದು ಅಂತನ ಆ ಜಾಗಾನೂ ಹೇಳಿರಲಿಲ್ಲ ನಾನು."

ನಕ್ಕವರು ನೆಲ ನೋಡುತ್ತಿದ್ದರು. ದಾವಲಬಿಗೆ ಇದು ಹೊಸ ಸುದ್ದಿಯಾಗಿರಲಿಲ್ಲ. ಆದರೆ ಈ ಮಾತನ್ನು ಇನ್ನೊಬ್ಬರ ಬಾಯಿಂದ ಅವಳು ಕೇಳುತ್ತಿದ್ದುದು ಇದೇ ಮೊದಲು.

ಇಂದುಮತಿ ಯಂತ್ರದ ತೀರ್ಮಾನವನ್ನು ಬದಿಗೆ ಸರಿಸಿ ಬಡಿಗಿಗಳ ಮೂಲ ಎಣಿಕೆಯನ್ನು ತೆರೆದಳು. ಮೂವತ್ನಾಲ್ಕನೇ ಗೆರೆ, ತಮ್ಮ ಮನೆಯದು. ಉಳಿದ ಗೆರೆಗಳಲ್ಲಿ ನೂರಕ್ಕೆ ನಾಲ್ಕು, ಐದು ಕಣ ಹೆಚ್ಚಿದ್ದವು. ಈ ಗೆರೆಯಲ್ಲಿ ಒಂಬತ್ತು. ಏಳೂ ಬಡಿಗಿಗಳೂ ಅದನ್ನೇ ಹೇಳಿದವು. ಯಂತ್ರ ಅದನ್ನು ಒಂದು ದೊಡ್ಡ ಹಗೇವು ಎಂದುಕೊಂಡಿತ್ತು. ಒಂದೇ ಗೆರೆಯ ಮೇಲೆ ಒಂದರ ಹಿಂದೊಂದು ಎರಡು ಇದ್ದವು.

"ಸರ್, ಒಂಬತ್ತು ನೋಡ್ರಿ," ಎಂದಳು.

ಸುಧೀಂದ್ರ ಕನ್ನಡಕ ಮೇಲೆತ್ತಿ ನೋಡಿದರು. ಈ ಬಾರಿ ಶೇಕಡಾವಾರು ಅವರ ಬಾಯಿಗೆ ಬರಲಿಲ್ಲ. "ಹಾಕಿ," ಎಂದರಷ್ಟೇ. ಐದಕ್ಕೆ ಹತ್ತು ನಿಮಿಷವಿದ್ದಾಗ ದಾರಿ ದೊಡ್ಡ ಓಣಿಗೆ ಮುದ್ರೆಯಾಯಿತು, ಉತ್ತರದ ಅಂಚಿನಲ್ಲಿ ಒಂದು ಕೆಂಪು ಚುಕ್ಕೆಯೊಂದಿಗೆ.

ಶುಕ್ರವಾರ ಟ್ರೇಲರ್ ಹನ್ನೊಂದಕ್ಕೆ ಸರಿಯಾಗಿ ಬಂದಿತು, ಆದರೆ ಊರ ಬಾಗಿಲಲ್ಲೇ ನಿಂತುಬಿಟ್ಟಿತು. ಚಾಲಕ ತಿಪ್ಪೇಸ್ವಾಮಿ ಚಿತ್ರದುರ್ಗದ ಕಡೆಯವನು. ಇಪ್ಪತ್ತು ವರ್ಷದಿಂದ ಗಾಳಿಯಂತ್ರದ ಕಂಬಗಳನ್ನು ಸಾಗಿಸಿದವನು. ಕೆಳಗಿಳಿದು ಬಂದು ಫೋನನ್ನು ಇಂದುಮತಿಯ ಮುಂದೆ ಹಿಡಿದ.

"ಏನಮ್ಮ ಇದು? ಬುಧವಾರ ನೋಡಿದ್ರೆ ಈ ರೋಡೆಲ್ಲ ತೂತು ಅಂದ್ರಿ. ಇವತ್ತು ಗಟ್ಟಿ ಅಂತೀರ. ನಾಳೆ ಇನ್ನೇನಂತೀರೋ. ನನ್ ಹಿಂದೆ ಇರೋದು ಅವರೆಕಾಯಿ ಮೂಟೆ ಅಲ್ಲ."

ಇಂದುಮತಿ ಎಣಿಕೆ ತೋರಿಸಿದಳು, ಗೆರೆ ತೋರಿಸಿದಳು. ತಿಪ್ಪೇಸ್ವಾಮಿ ತಲೆಯಾಡಿಸಿದ. "ಅವೆಲ್ಲ ನನಗೆ ತಿಳಿಯಲ್ಲ. ಮೊನ್ನೆ ಸುಳ್ಳು ಹೇಳಿದೋರು ಇವತ್ತು ನಿಜ ಹೇಳ್ತಾರೆ ಅಂತ ಯಾವ ಗ್ಯಾರಂಟಿ? ಒಬ್ರಾದ್ರೂ ಎರಡೂ ಸಲ ನಿಜವಾದ ಜಾಗ ಹೇಳಿದೋರು ಇದ್ರೆ ತೋರಿಸಿ."

ಓಣಿಯ ಎರಡೂ ಬದಿಗೆ ಊರು ನಿಂತಿತ್ತು. ಚನ್ನಬಸವ್ವ ದಾವಲಬಿಯ ಭುಜದ ಮೇಲೆ ಕೈಯಿಟ್ಟು, "ಒಬ್ಬಾಕಿ ಅದಾಳ. ಇಕಿ," ಎಂದಳು.

ದಾವಲಬಿ ಯಾರನ್ನೂ ಕೇಳಲಿಲ್ಲ. ತನ್ನ ಬಾಗಿಲಿಗೆ ಬೆನ್ನು ಹಾಕಿ ಎಂಟು ಮೊಳ ನಡೆದು ಓಣಿಯಲ್ಲಿ ನಿಂತಳು. "ಇಲ್ಲಿ ಬರಬ್ಯಾಡೋ ತಮ್ಮಾ. ಇದರ ಆಚೆ ಎಲ್ಲಿ ಬೇಕಾದ್ರೂ ಹೋಗು. ನಾ ಇಲ್ಲೇ ನಿಂತಿರತೀನಿ."

ತಿಪ್ಪೇಸ್ವಾಮಿ ಅವಳನ್ನು ಒಂದು ಗಳಿಗೆ ನೋಡಿದ. ಆಮೇಲೆ ಮೇಲೆ ಹತ್ತಿ ಗೇರು ಹಾಕಿದ.

ಇಂದುಮತಿ ಟ್ರೇಲರಿನ ಮುಂದೆ ಹಿಮ್ಮುಖವಾಗಿ ನಡೆದಳು. ತೊಂಬತ್ತು ಟನ್ನು ಹತ್ತಿರ ಬಂದಂತೆ ಅಂಗಾಲಿನ ಕೆಳಗೆ ನೆಲ ನಡುಗುವುದು ತಿಳಿಯುತ್ತಿತ್ತು. ಅಕ್ಕಪಕ್ಕದ ಮನೆಗಳ ಕಿಟಕಿಗಳು ಗಲಗಲ ಅಂದವು. ಅವಳು ಕೈಯಲ್ಲಿದ್ದ ಪರದೆಯನ್ನು ನೋಡಲಿಲ್ಲ, ದಾವಲಬಿಯ ಕಾಲುಗಳನ್ನೇ ನೋಡುತ್ತಿದ್ದಳು. ಮುಂದಿನ ಗಾಲಿಗಳು ದಕ್ಷಿಣದ ಗೋಡೆಗಳಿಗೆ ಒಂದು ಗೇಣು ಬಿಟ್ಟು ಹಾಯ್ದವು. ಆ ಗುಂಡು ಕಂಬ, ಮನೆಗಿಂತ ದೊಡ್ಡದು, ದಾವಲಬಿಯ ಮುಂದೆ ಹಾಯತೊಡಗಿತು. ಅವಳ ಸೆರಗು ಹಾರಿತು, ಅವಳು ಹಾರಲಿಲ್ಲ. ಎಣಿಸಿದರೆ ಎರಡು ನಿಮಿಷವೂ ಇಲ್ಲ. ಕೊನೆಯ ಗಾಲಿ ದಾಟಿದ ಮೇಲೆ ತಿಪ್ಪೇಸ್ವಾಮಿ ಕಿಟಕಿಯಿಂದ ಮುಖ ಹೊರಗೆ ಹಾಕಿ ಒಂದು ಸಲ ಹಣೆಗೆ ಕೈ ಮುಟ್ಟಿಸಿ, ಗುಡ್ಡದ ದಾರಿ ಹಿಡಿದ. ಊರೆಲ್ಲ ಕೇಕೆ ಹಾಕುತ್ತ ಅವನ ಹಿಂದೆ ಓಡಿತು.

ದಾವಲಬಿ ಮಾತ್ರ ನಿಂತಲ್ಲಿಂದ ಕದಲಲಿಲ್ಲ. ಚನ್ನಬಸವ್ವ ಅವಳ ಹತ್ತಿರ ಹೋದಳು. ಇಂದುಮತಿಯೂ ಹೋದಳು.

"ನಮ್ಮದು ಬರದಿಯೇನವ್ವಾ?" ಎಂದಳು ದಾವಲಬಿ.

"ಜಾಗ ಹಾಕೇನಿ, ಚಿಗವ್ವಾ. ಷರಾ ಬರಿಯೂದು ಉಳದೈತಿ. ಏನಂತ ಬರೀಲಿ?"

"ಬಿದ್ದು ಹೋಗೈತಿ ಅಂತ ಬರೀಬ್ಯಾಡ. ಬಿದ್ದಿಲ್ಲ ಅದು. ಒಡದು ಕಾಳು ಒಯ್ದ್ರು. ಹಂಗ ಬರಿ."

ಇಂದುಮತಿ ಬರೆದಳು.

"ತೋರಿಸಿದಾಕಿ ಹೆಸರೂ ಬರಿ," ಎಂದಳು ಚನ್ನಬಸವ್ವ. "ನೀಲವ್ವ ಜಾಲಿಹಾಳ."

ಇಂದುಮತಿಯ ಬೆರಳು ನಿಂತಿತು. ಈ ಕಾಲಮನ್ನು ಯಾರು ಬೇಕಾದರೂ ತೆರೆದು ಓದಬಹುದು, ಇಂದು, ನಾಳೆ, ಇನ್ನು ನೂರು ವರ್ಷಕ್ಕೆ. ಅದು ಅವಳ ಮನೆತನದ ಹೆಸರು, ಅವಳ ಹೆಸರಿನ ಜೊತೆಗಿರುವ ಹೆಸರು. ಅವಳು ಅತ್ತೆಯ ಮುಖ ನೋಡಿದಳು. ಮುದುಕಿ ನೆಟ್ಟಗೆ ನಿಂತಿದ್ದಳು, ಕಣ್ಣಲ್ಲಿ ನೀರಿತ್ತು. ಇಂದುಮತಿ ಆ ಹೆಸರನ್ನೂ ಬರೆದಳು.

"ಓದು," ಎಂದಳು ದಾವಲಬಿ.

ಇಂದುಮತಿ ಓದಿದಳು.

"ಇನ್ನೊಮ್ಮಿ ಓದು."

ಇನ್ನೊಮ್ಮೆ ಓದಿದಳು. ಆಗ ದಾವಲಬಿ ಹಗೇವಿನ ಮೇಲಿಂದ ಸರಿದು ನಿಂತಳು.